ಬುಡದ ಬಟ್ಟಲು ನೆಟ್ಟಗೆ ಕೂರಬೇಕಾದರೆ

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದೇನೆ. ನನ್ನ .30-30 ಲಿವರ್ ರೈಫಲ್‌ಗೆ ಮನೆಯಲ್ಲೇ ಸೀಸದ ಗುಂಡು ಎರಕ ಹೊಯ್ಯಲು ಆರಂಭಿಸಿ ಆರು ತಿಂಗಳಾಯಿತು. ಅಚ್ಚು ಲೀ ಕಂಪನಿಯದು, 170 ಗ್ರೇನ್ ತೂಕದ ಚಪ್ಪಟೆ ಮೂತಿಯ ಗುಂಡು. ಬುಡಕ್ಕೆ ಗ್ಯಾಸ್ ಚೆಕ್ ಕೂರಿಸುವಾಗ ಹತ್ತರಲ್ಲಿ ಮೂರು ನಾಲ್ಕು ಓರೆಯಾಗುತ್ತವೆ. ಬಳಸುತ್ತಿರುವುದು ಬೇರೆಯವರಿಂದ ಕೊಂಡ ಹಳೆಯ ಲೈಮನ್ 450 ಯಂತ್ರ. ಅದನ್ನು ಬಿಟ್ಟು, ತೋಟೆ ತುಂಬುವ ಪ್ರೆಸ್‌ಗೆ ಸಿಕ್ಕಿಸುವ ಸೈಜಿಂಗ್ ಡೈ ಕೊಳ್ಳಲೇ? ಗ್ಯಾಸ್ ಚೆಕ್ ಕೂರಿಸಲೆಂದೇ ಬೇರೆ ಉಪಕರಣವಿದೆಯೇ?

ಉತ್ತರ: ಇದೆ. ಆದರೆ ದುಡ್ಡು ಬಿಚ್ಚುವ ಮೊದಲು ಕ್ಯಾಲಿಪರ್ ಕೈಗೆತ್ತಿಕೊಳ್ಳಿ. ಗುದ್ದಲಿಗೆ ಕಾವು ಕೂರಿಸುವವರು ಸುತ್ತಿಗೆ ಹುಡುಕುವುದಕ್ಕಿಂತ ಮುಂಚೆ ಕಾವಿನ ತುದಿಯನ್ನು ಗುದ್ದಲಿಯ ತೂತಿಗೆ ಹಿಡಿದು ನೋಡುತ್ತಾರೆ. ಇಲ್ಲಿಯೂ ಹಾಗೆಯೇ. ನನಗೆ ಬರುವ ಇಂಥ ಪತ್ರಗಳಲ್ಲಿ ಹೆಚ್ಚಿನವು ಯಾವ ಯಂತ್ರ ಒಳ್ಳೆಯದು ಎಂದು ಕೇಳುತ್ತವೆ. ತಪ್ಪು ಇರುವುದು ಮಾತ್ರ ಬಹುತೇಕ ಗುಂಡಿನ ಬುಡದಲ್ಲಿ.

ಈ ಹವ್ಯಾಸಕ್ಕೆ ಹೊಸಬರಾದ ಓದುಗರಿಗಾಗಿ ಎರಡು ಮಾತು. ಸೈಜಿಂಗ್ ಎಂದರೆ ಎರಕದ ಗುಂಡನ್ನು ಡೈ ಎಂಬ ಉಕ್ಕಿನ ತೂತಿನೊಳಗೆ ನೂಕಿ ನಿಖರ ಅಳತೆಗೆ ತರುವುದು. ಲೈಮನ್ 450 ಆ ಕೆಲಸದ ಜೊತೆಗೆ, ಗುಂಡು ನಳಿಗೆಯಲ್ಲಿ ಜಾರಲೆಂದು ಮೇಣವನ್ನೂ ತುಂಬುವ ಯಂತ್ರ. ಗ್ಯಾಸ್ ಚೆಕ್ ಎಂದರೆ ಸೀಸದ ಗುಂಡಿನ ಬುಡಕ್ಕೆ ತೊಡಿಸುವ ತಾಮ್ರದ ಪುಟ್ಟ ಬಟ್ಟಲು. ಕರಿಮದ್ದಿನ ಕಾಲದಲ್ಲಿ ಅದರ ಅಗತ್ಯ ಕಾಣಲಿಲ್ಲ. ಹೊಗೆರಹಿತ ಮದ್ದು ಬಂದು, 1895ರಲ್ಲಿ ವಿಂಚೆಸ್ಟರ್ ಕಂಪನಿಯ .30-30ಯಂಥ ತೋಟೆಗಳು ಮಾರುಕಟ್ಟೆಗೆ ಇಳಿದ ಮೇಲೆ ಗುಂಡಿನ ವೇಗವೂ ಒತ್ತಡವೂ ಏರಿದವು. ಬಿಸಿ ಅನಿಲ ಗುಂಡಿನ ಅಂಚಿನಿಂದ ನುಸುಳಿ ಸೀಸವನ್ನು ಕೊರೆಯುತ್ತಿತ್ತು. ಕೊರೆದ ಸೀಸ ನಳಿಗೆಯ ಗೋಡೆಗೆ ಮೆತ್ತಿಕೊಳ್ಳುತ್ತಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ ಐಡಿಯಲ್ ಕಂಪನಿಯ ಜಾನ್ ಬಾರ್ಲೋ ಈ ಬಟ್ಟಲನ್ನು ಮಾರಾಟಕ್ಕೆ ತಂದರು. ಅದೇ ಐಡಿಯಲ್ 1925ರಲ್ಲಿ ಲೈಮನ್ ಕಂಪನಿಯ ಕೈಸೇರಿತು. ಅಂದರೆ ನಿಮ್ಮ ಮೇಜಿನ ಮೇಲಿರುವ ಯಂತ್ರ ಅದೇ ವಂಶದ್ದು.

ಈಗ ಅಳತೆಗೆ ಬರೋಣ. ಬಟ್ಟಲು ಕೂರಲೆಂದು ಗುಂಡಿನ ಬುಡದಲ್ಲಿ ಒಂದು ಸಣ್ಣ ಮೆಟ್ಟಿಲು ಬಿಟ್ಟಿರುತ್ತಾರೆ. .30 ಅಳತೆಯ ಗುಂಡಿನಲ್ಲಿ ಅದರ ವ್ಯಾಸ ಸುಮಾರು 0.284 ಇಂಚು. ನಿಮ್ಮ ಹತ್ತು ಗುಂಡುಗಳ ಮೆಟ್ಟಿಲನ್ನು ಎರಡೆರಡು ದಿಕ್ಕಿನಲ್ಲಿ ಅಳೆಯಿರಿ. ಬಟ್ಟಲಿನ ಒಳವ್ಯಾಸವನ್ನೂ ಅಳೆಯಿರಿ. ಬೆರಳಿನಿಂದ ಒತ್ತಿದಾಗ ಬಟ್ಟಲು ಮೆಟ್ಟಿಲಿನ ಮೇಲೆ ನೇರವಾಗಿ ನಿಲ್ಲಬೇಕು. ಗುಂಡನ್ನು ತಲೆಕೆಳಗು ಹಿಡಿದರೆ ಬೀಳಬಾರದು. ಕಿತ್ತು ಬರುವಷ್ಟು ಸಡಿಲವೂ ಬೇಡ, ಅಂಚಿನ ಮೇಲೆ ಕುಳಿತು ಆಡುವಷ್ಟು ಬಿಗಿಯೂ ಬೇಡ.

ಬಿಗಿಯಾಗಿದ್ದರೆ ಕಾರಣ ಹುಡುಕಿ. ಮೊದಲ ಅನುಮಾನ ಅಚ್ಚಿನ ಮೇಲಿನ ಕತ್ತರಿ ತಗಡಿನ ಮೇಲೆ ಬರಬೇಕು. ನಿಮ್ಮ ಅಚ್ಚಿನಲ್ಲಿ ಗುಂಡಿನ ಬುಡ ಮೇಲ್ಗಡೆಗಿರುತ್ತದೆ, ಹೆಚ್ಚುವರಿ ಸೀಸವನ್ನು ಕತ್ತರಿಸುವುದು ಅಲ್ಲಿಯೇ. ಸೀಸ ಗಟ್ಟಿಯಾಗುವ ಮೊದಲೇ ತಗಡು ತಿರುಗಿಸಿದರೆ ಬುಡ ಹರಿದು ಗುಳಿ ಬೀಳುತ್ತದೆ. ತಗಡಿನ ತಿರುಪು ಸಡಿಲವಾಗಿದ್ದರೆ ಸೀಸ ಅದರ ಅಡಿಗೆ ನುಸುಳಿ ಬುಡದ ಅಂಚಿಗೆ ತೆಳ್ಳನೆಯ ರೆಕ್ಕೆ ಮೂಡುತ್ತದೆ, ಕತ್ತರಿಸಿದ ಜಾಗದಲ್ಲಿ ಮೊಳೆಯಂತೆ ಉಬ್ಬು ನಿಲ್ಲುತ್ತದೆ. ಆ ಉಬ್ಬಿನ ಮೇಲೆ ಬಟ್ಟಲು ಕುಳಿತರೆ ಅದು ಓಲಾಡದೆ ಇನ್ನೇನು ಮಾಡೀತು? ತಿರುಪನ್ನು ಸರಿಯಾಗಿ ಬಿಗಿಯಿರಿ. ಸೀಸದ ಹೊಳಪು ಮಾಯವಾಗಿ ಮೇಲ್ಮೈ ಮಂಕಾದ ಮೇಲೂ ಕೆಲವು ಸೆಕೆಂಡು ಕಾದು ಆಮೇಲೆ ಕತ್ತರಿಸಿ. ಹತ್ತರಲ್ಲಿ ಮೂರು ನಾಲ್ಕು ಓರೆ ಎಂದು ಬರೆದಿದ್ದೀರಿ. ಎಲ್ಲವೂ ಓರೆಯಾಗಿದ್ದರೆ ಯಂತ್ರದ ಮೇಲೆ ಅನುಮಾನ ಪಡುತ್ತಿದ್ದೆ. ಕೆಲವು ಮಾತ್ರ ಎಂದಾಗ ನನ್ನ ಕಣ್ಣು ಎರಕದ ಕಡೆಗೇ ಹೋಗುತ್ತದೆ.

ಎರಡನೆಯ ಕಾರಣ ಮಿಶ್ರಲೋಹ. ಲೈಮನ್ ನಂ. 2 ಎಂಬ ಪ್ರಸಿದ್ಧ ಮಿಶ್ರಣದಲ್ಲಿ 90 ಭಾಗ ಸೀಸ, 5 ಭಾಗ ತವರ, 5 ಭಾಗ ಆಂಟಿಮನಿ. ಆಂಟಿಮನಿ ಹೆಚ್ಚಿದಷ್ಟೂ ಗುಂಡು ಅಚ್ಚಿನಿಂದ ತುಸು ದೊಡ್ಡದಾಗಿ ಬರುತ್ತದೆ, ಗಟ್ಟಿಯೂ ಆಗುತ್ತದೆ. ಹಳೆಯ ಅಚ್ಚುಮೊಳೆಗಳ ಲೈನೋಟೈಪ್ ಲೋಹದಲ್ಲಿ ಆಂಟಿಮನಿ 12 ಭಾಗದಷ್ಟಿರುತ್ತದೆ. ಅಂಥದ್ದನ್ನು ಬೆರೆಸಿದ್ದರೆ ಮೆಟ್ಟಿಲು ಉಬ್ಬಿರುವುದು ಸಹಜ. ಅಚ್ಚಿನಿಂದ ಬಿಸಿಗುಂಡನ್ನು ನೇರ ನೀರಿಗೆ ಕೆಡವುವ ಅಭ್ಯಾಸ ನಿಮಗಿದ್ದರೆ, ಬಟ್ಟಲು ಕೂರಿಸುವುದನ್ನೂ ಸೈಜಿಂಗ್ ಮಾಡುವುದನ್ನೂ ಅಂದೇ ಮುಗಿಸಿ. ನೀರಿಗೆ ಬಿದ್ದ ಗುಂಡು ಮುಂದಿನ ದಿನಗಳಲ್ಲಿ ಗಟ್ಟಿಯಾಗುತ್ತಾ ಹೋಗುತ್ತದೆ, ವಾರದ ನಂತರ ಒತ್ತಿದರೆ ಎರಡು ಪಟ್ಟು ಬಲ ಬೇಕಾದೀತು. ನೀರಿನ ಬಕೆಟ್ಟು ಮಾತ್ರ ಕರಗಿದ ಸೀಸದ ಪಾತ್ರೆಯಿಂದ ದೂರವಿರಲಿ. ಒಂದು ಹನಿ ಸೀಸದ ಒಳಗೆ ಸಿಕ್ಕಿಕೊಂಡರೂ ಅದು ಕ್ಷಣದಲ್ಲಿ ಆವಿಯಾಗಿ ಇಡೀ ಪಾತ್ರೆಯನ್ನು ಮುಖಕ್ಕೆ ಎರಚುತ್ತದೆ.

ಇನ್ನು ಯಂತ್ರದ ಮಾತು. ನಿಮ್ಮ 450ರಲ್ಲಿ ಗುಂಡು ಬುಡ ಕೆಳಗಾಗಿ ಡೈಯೊಳಗೆ ಇಳಿಯುತ್ತದೆ. ಮೇಲಿನ ಪಂಚ್ ಮೂತಿಯನ್ನು ಒತ್ತುತ್ತದೆ. ಬಟ್ಟಲಿಗೆ ಕೆಳಗಿನಿಂದ ಆಸರೆ ಕೊಡಬೇಕಾದ ಒಳದಂಡ ಗುಂಡಿನ ಜೊತೆಗೇ ಕೆಳಗೆ ಜಾರುತ್ತದೆ. ಹೀಗಾಗಿ ಬಟ್ಟಲು ಮೆಟ್ಟಿಲಿಗೆ ಪೂರ್ತಿ ಕೂರುವ ಮುನ್ನವೇ ಡೈಯ ಬಾಯಿ ಅದರ ಅಂಚನ್ನು ಮಡಚಿಬಿಡುತ್ತದೆ. ಓರೆಯಾಗಿ ನಿಂತಿದ್ದ ಬಟ್ಟಲು ಓರೆಯಾಗಿಯೇ ಕಚ್ಚಿಕೊಳ್ಳುತ್ತದೆ. ಇದಕ್ಕಾಗಿಯೇ ಲೈಮನ್ ಕಂಪನಿ ಗ್ಯಾಸ್ ಚೆಕ್ ಸೀಟರ್ ಎಂಬ ಚಿಕ್ಕ ಬಿಡಿಭಾಗ ಮಾಡಿದೆ. 45, 450, 4500 ಈ ಮೂರು ಮಾದರಿಗಳಿಗೂ ಅದು ಹೊಂದುತ್ತದೆ. ಡೈಗೆ ಇಳಿಸುವ ಮೊದಲು ಗುಂಡಿನ ಬುಡವನ್ನು ಗಟ್ಟಿ ಆಸರೆಯ ಮೇಲಿಟ್ಟು ಒತ್ತಲು ಅದು ಅನುವು ಮಾಡಿಕೊಡುತ್ತದೆ. ಬಟ್ಟಲು ಪೂರ್ತಿ ಕುಳಿತ ಮೇಲೆ ಸೈಜಿಂಗ್. ಹಳೆಯ ಯಂತ್ರ ಕೊಳ್ಳುವವರಿಗೆ ಈ ಭಾಗ ಜೊತೆಯಲ್ಲಿ ಸಿಗುವುದು ಅಪರೂಪ. ನಾನು ಕೊಂಡಾಗಲೂ ಸಿಕ್ಕಿರಲಿಲ್ಲ. ಅದು ಬೇಕೆಂದು ತಿಳಿಯುವಷ್ಟರಲ್ಲಿ ನೂರಾರು ಗುಂಡುಗಳನ್ನು ಮತ್ತೆ ಕರಗಿಸಿದ್ದೆ.

ಮೇಲಿನ ಪಂಚ್ ಯಾವುದೆಂದು ನೀವು ಬರೆದಿಲ್ಲ. ಚಪ್ಪಟೆ ಮೂತಿಯ ಗುಂಡಿಗೆ ಉರುಟು ಮೂತಿಯ ಪಂಚ್ ಹಾಕಿದ್ದರೆ ಒತ್ತಡ ಒಂದು ಬದಿಗೆ ಬಿದ್ದು ಗುಂಡೇ ಓರೆಯಾಗುತ್ತದೆ. ಹೊಂದುವ ಪಂಚ್ ಸಿಗದಿದ್ದರೆ ಇರುವ ಪಂಚಿನ ಗುಳಿಗೆ ಎಪಾಕ್ಸಿ ತುಂಬಿ, ಮೇಣ ಸವರಿದ ನಿಮ್ಮದೇ ಗುಂಡಿನ ಮೂತಿಯನ್ನು ಅದರಲ್ಲಿ ನೇರವಾಗಿ ಒತ್ತಿ ಒಣಗಲು ಬಿಡಿ. ನಿಮ್ಮ ಅಚ್ಚಿಗೆಂದೇ ಮಾಡಿದ ಪಂಚ್ ಅದಾಗುತ್ತದೆ.

ಲೀ ಕಂಪನಿಯ ಸೈಜಿಂಗ್ ಡೈಯ ರೀತಿಯೇ ಬೇರೆ. ಸಾಮಾನ್ಯ ರೀಲೋಡಿಂಗ್ ಪ್ರೆಸ್‌ಗೆ ಅದು ತಿರುಪಿನಂತೆ ಹೋಗುತ್ತದೆ. ಬಟ್ಟಲು ತೊಡಿಸಿದ ಗುಂಡನ್ನು ಮೂತಿ ಮೇಲಾಗಿ ಚಪ್ಪಟೆ ದಂಡದ ಮೇಲೆ ನಿಲ್ಲಿಸಿ ಹಿಡಿಕೆ ಎಳೆದರೆ, ದಂಡ ನೇರವಾಗಿ ಬಟ್ಟಲಿನ ಬುಡವನ್ನೇ ನೂಕುತ್ತದೆ. ನೂಕುವ ಬಲ ಬೀಳುವುದು ಬೇಕಾದ ಜಾಗಕ್ಕೇ. ಮೂತಿಯ ಆಕಾರದ ತಲೆನೋವೂ ಇಲ್ಲ. ಬೆಲೆಯೂ ಕಡಿಮೆ. ಆದ್ದರಿಂದ ಕೇಳಿದ್ದಕ್ಕೆ ನೇರ ಉತ್ತರ ಹೇಳುವುದಾದರೆ: ಗ್ಯಾಸ್ ಚೆಕ್ ಕೂರಿಸುವ ಕೆಲಸಕ್ಕೆ ನನ್ನ ಆಯ್ಕೆ ಈ ಬಗೆಯ ಡೈ. 450 ಯಂತ್ರವನ್ನು ಮಾರಬೇಡಿ, ಗುಂಡಿನ ಮೈಮೇಲಿನ ತೋಡುಗಳಿಗೆ ಮೇಣ ತುಂಬಲು ಅದರಂಥದ್ದು ಇನ್ನೊಂದಿಲ್ಲ. ಡೈಯಲ್ಲಿ ಮೊದಲು ಬಟ್ಟಲು ಕೂರಿಸಿ, ಮೇಣಕ್ಕೆ ಮಾತ್ರ 450ಕ್ಕೆ ತನ್ನಿ. ಸ್ಟಾರ್ ಎಂಬ ಇನ್ನೊಂದು ಸೈಜಿಂಗ್ ಯಂತ್ರವೂ ಬುಡದಿಂದಲೇ ನೂಕುತ್ತದೆ, ಬಹಳ ವೇಗವಾಗಿ. ಆದರೆ ತಿಂಗಳಿಗೆ ನೂರಿನ್ನೂರು ಗುಂಡು ಮಾಡುವವರಿಗೆ ಅಷ್ಟು ಖರ್ಚು ಬೇಡ.

ಡೈಗಳನ್ನು ಕೊಳ್ಳುವಾಗ ಎರಡು ಅಳತೆಯವನ್ನು ಕೊಳ್ಳಿ. ಮೊದಲು 0.311 ಅಥವಾ 0.314 ಇಂಚಿನದರಲ್ಲಿ ಬಟ್ಟಲು ಕೂರಿಸಿ. ಅದು ಬಟ್ಟಲನ್ನು ನೇರ ನಿಲ್ಲಿಸುತ್ತದೆ, ಗುಂಡನ್ನು ಹೆಚ್ಚು ಹಿಂಡುವುದಿಲ್ಲ. ಆಮೇಲೆ 0.309 ಅಥವಾ 0.310ರಲ್ಲಿ ಅಂತಿಮ ಅಳತೆ. ಯಾವುದು ಎಂಬುದನ್ನು ನಿಮ್ಮ ನಳಿಗೆಯೇ ಹೇಳಬೇಕು: ಮೆದು ಸೀಸದ ತುಂಡೊಂದನ್ನು ನಳಿಗೆಯಲ್ಲಿ ನೂಕಿ ಹೊರತೆಗೆದು ಅಳೆದು, ಅದಕ್ಕಿಂತ ಇಂಚಿನ ಸಾವಿರದ ಒಂದೆರಡು ಭಾಗ ದಪ್ಪವಿರುವ ಗುಂಡು ಮಾಡಿಕೊಳ್ಳಿ.

ಇಷ್ಟಾದರೂ ಬಟ್ಟಲು ಬಿಗಿಯೆನಿಸಿದರೆ ಅದರ ಬಾಯಿಯನ್ನು ಕೊಂಚ ಅರಳಿಸಬಹುದು. ತುದಿಯನ್ನು ಸ್ವಲ್ಪ ಮೊನಚಾಗಿ ಕಡೆದ ಉಕ್ಕಿನ ಕಡ್ಡಿ ಸಾಕು, ಯಾವುದೇ ಲೇತ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಕೂರಿಸಿದ ಮೇಲೂ ಬಟ್ಟಲು ಸಡಿಲವಾಗುತ್ತಿದ್ದರೆ ಅದನ್ನು ಕಾಯಿಸಿ ಮೆದು ಮಾಡಿ. ತಾಮ್ರವನ್ನು ಒತ್ತಿದಾಗ ಅದು ತುಸು ಹಿಂದಕ್ಕೆ ಚಿಮ್ಮುತ್ತದೆ, ಸೀಸ ಚಿಮ್ಮುವುದಿಲ್ಲ. ಆ ವ್ಯತ್ಯಾಸವೇ ಸಡಿಲಕ್ಕೆ ಮೂಲ. ಕಬ್ಬಿಣದ ಡಬ್ಬಿಯಲ್ಲಿ ಹಾಕಿ ಮಂದಗೆಂಪು ಬರುವವರೆಗೆ ಕಾಯಿಸಿ ಆರಲು ಬಿಟ್ಟರೆ ಆ ಚಿಮ್ಮುವ ಗುಣ ಕಡಿಮೆಯಾಗುತ್ತದೆ.

ಪರೀಕ್ಷೆ ಸುಲಭ. ಗುಂಡನ್ನು ಗಾಜಿನ ಮೇಲೆ ಬುಡ ಊರಿ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ. ವಾಲಿದ್ದು ಕಣ್ಣಿಗೇ ಕಾಣುತ್ತದೆ. ಬಟ್ಟಲಿನ ಅಂಚಿಗೆ ಉಗುರು ಸಿಕ್ಕಿಸಿ ಎಳೆಯಿರಿ, ಬಂದದ್ದನ್ನು ಮತ್ತೆ ಪಾತ್ರೆಗೆ ಹಾಕಿ ಕರಗಿಸಿ.

ಪ್ರಶ್ನೆ: ನ್ಯೂಜೆರ್ಸಿಯಿಂದ. .308 ರೈಫಲ್‌ನಲ್ಲಿ ಎರಕದ ಗುಂಡು ಹಾರಿಸುವಾಗ ವೇಗ ಅಳೆಯುವ ಕ್ರೋನೋಗ್ರಾಫ್‌ಗೆ ಏನೋ ಬಡಿಯಿತು. ಹುಡುಕಿದರೆ ಕೆಳಗೆ ಗ್ಯಾಸ್ ಚೆಕ್ ಬಿದ್ದಿತ್ತು. ಗಾಬರಿಪಡಬೇಕೇ?

ಉತ್ತರ: ಅಂದಿನ ಗುರಿಯ ಮಟ್ಟಿಗೆ ಬೇಡ, ಮುಂದಿನ ಗುಂಡುಗಳ ಬಗ್ಗೆ ಹೌದು. ಬಟ್ಟಲುಗಳಲ್ಲಿ ಎರಡು ಬಗೆ. ಬರೇ ಸಿಕ್ಕಿಸುವವು ಹಳೆಯ ಕಾಲದವು. ಹಾರ್ನಡಿಯಂಥವು ಬಾಯಿಯ ಅಂಚಿನಲ್ಲಿ ದಪ್ಪವಿದ್ದು ಸೈಜಿಂಗ್ ವೇಳೆ ಸೀಸಕ್ಕೆ ಕಚ್ಚಿಕೊಳ್ಳುತ್ತವೆ. ನಿಮ್ಮ ಡಬ್ಬಿಯಲ್ಲಿರುವುದು ಯಾವುದು ನೋಡಿ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಬೇರೆ ಸಂಗತಿ. .30-30 ತೋಟೆಯಲ್ಲಿ ಗುಂಡನ್ನು ಹಿಡಿದಿರುವ ಕುತ್ತಿಗೆ ಉದ್ದನೆಯದು, ನಿಮ್ಮ .308ರದು 0.304 ಇಂಚು ಮಾತ್ರ. ಉದ್ದನೆಯ ಎರಕದ ಗುಂಡನ್ನು ಅದರಲ್ಲಿ ಆಳಕ್ಕೆ ಇಳಿಸಿದರೆ ಬುಡ ಕುತ್ತಿಗೆ ದಾಟಿ ಮದ್ದಿನೊಳಗೆ ಚಾಚುತ್ತದೆ. ಸಡಿಲ ಬಟ್ಟಲು ಅಲ್ಲಿಯೇ ಕಳಚಿ ಬಿದ್ದರೆ ಗುಂಡು ಮುಂದೆ ಹೋಗಿ ಬಟ್ಟಲು ನಳಿಗೆಯಲ್ಲಿ ಉಳಿಯಬಹುದು. ಅಡ್ಡವಿರುವ ನಳಿಗೆಯಲ್ಲಿ ಮುಂದಿನ ಗುಂಡು ಹಾರಿಸುವುದು ಪ್ರಾಣಕ್ಕೆ ಬರುವ ಸಂಗತಿ. ಈ ತೋಟೆಗೆ ಗಿಡ್ಡ ಗುಂಡಿನ ಅಚ್ಚು ಆರಿಸಿ, ಬಟ್ಟಲು ಕುತ್ತಿಗೆಯೊಳಗೇ ಇರಲಿ. ಹಾರಿಸಿದಾಗ ಸದ್ದಿನಲ್ಲೋ ಒದೆತದಲ್ಲೋ ವ್ಯತ್ಯಾಸ ಅನಿಸಿದರೆ ನಿಲ್ಲಿಸಿ, ರೈಫಲ್ ಖಾಲಿ ಮಾಡಿ, ನಳಿಗೆಯ ಮೂಲಕ ಬೆಳಕು ನೋಡಿ.

ಪ್ರಶ್ನೆ: ನಾವು ಕೊಡಗಿನವರು. ನಮಗೆ ಕೋವಿಗೆ ಲೈಸೆನ್ಸ್ ಬೇಡವಲ್ಲ, ಹಾಗಾದರೆ ಮನೆಯಲ್ಲೇ ಗುಂಡು, ತೋಟೆ ಮಾಡಿಕೊಳ್ಳಬಹುದೇ?

ಉತ್ತರ: ಬೇಡ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಮಾತ್ರ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಲೈಸೆನ್ಸ್ ಬೇಕೇ ಬೇಕು. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಇರುವ, 2019ರಲ್ಲಿ ಕೇಂದ್ರ ಗೃಹ ಸಚಿವಾಲಯ 2029ರವರೆಗೆ ವಿಸ್ತರಿಸಿದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಅದನ್ನು ತಯಾರಿಕೆಯವರೆಗೆ ಎಳೆಯಲಾಗದು. ತಲೆಮಾರುಗಳಿಂದ ಉಳಿಸಿಕೊಂಡು ಬಂದ ಆ ಹಕ್ಕಿಗೆ ನಿಮ್ಮ ಕೈಯಿಂದ ಕುಂದು ಬರಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಅದೂ ಅಲ್ಲದೆ, ನಿಮ್ಮ ಮನೆಯ ತೋಕ್, ಅಂದರೆ ಕೋವಿ, ಚರೆ ತೋಟೆ ಹಾರಿಸುವ ನುಣುಪು ನಳಿಗೆಯದಾಗಿದ್ದರೆ ಅದಕ್ಕೆ ಗ್ಯಾಸ್ ಚೆಕ್‌ನ ಪ್ರಶ್ನೆಯೇ ಬರುವುದಿಲ್ಲ. ತೋಟೆಗಳನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಿ. ಅಜ್ಜನ ಕಾಲದ ಕೋವಿಯಾಗಿದ್ದರೆ ಈ ಸಲದ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್‌ಗೆ ಹೊರತೆಗೆಯುವ ಮುನ್ನ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ, ನಳಿಗೆಯೊಳಗೆ ತುಕ್ಕು ತಿಂದ ಗುಳಿಗಳಿವೆಯೇ ಎಂದು ನೋಡಿಸಿ.