ಓದುಗರ ಪ್ರಶ್ನೆ: ರಿಪೇರಿ ಅಂಗಡಿಗೆ ತ್ರೀಡಿ ಪ್ರಿಂಟರ್ ಬೇಕೇ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಸ್ಪ್ರೇಯರ್ ರಿಪೇರಿ ಮಾಡುತ್ತೇನೆ. ತ್ರೀಡಿ ಪ್ರಿಂಟರ್ ತಂದರೆ ಪರಿಸರಕ್ಕೂ ಒಳ್ಳೆಯದು, ಬಿಡಿಭಾಗಗಳ ತಾಪತ್ರಯವೂ ತಪ್ಪುತ್ತದೆ ಎನ್ನುತ್ತಾನೆ ಮಗ. ದುಡ್ಡು ಹಾಕಬಹುದೇ?

ಉತ್ತರ: ಹಾಕಿ, ಆದರೆ ಬಿಡಿಭಾಗದ ಲೆಕ್ಕ ನೋಡಿ ಹಾಕಿ. ಹಾಸನದ ನನ್ನ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತಿನ ಪಕ್ಕದಲ್ಲೇ, ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಕಟ್ಟುವ ಪ್ರಿಂಟರ್ ಇದೆ. ಹಿಂದೆ ಸ್ಪ್ರೇಯರ್ ನಾಬ್ ಒಂದು ಬೇಕೆಂದರೂ ಡಬ್ಬಿಗಟ್ಟಲೆ ತರಬೇಕಿತ್ತು. ಆ ಮಾಡೆಲ್ ನಿಂತರೆ ಉಳಿದದ್ದೆಲ್ಲ ಗುಜರಿಗೆ. ಈಗ ಡ್ರಾಯಿಂಗ್ ಕಂಪ್ಯೂಟರಿನಲ್ಲಿರುತ್ತದೆ, ಗಿರಾಕಿ ಬಂದಾಗ ಒಂದು ತೆಗೆದುಕೊಡುತ್ತೇನೆ. ಕಪಾಟಿನಲ್ಲಿ ಕೂತಿದ್ದ ದುಡ್ಡು ಕೈಗೆ ಬಂತು. ನನ್ನ ಮಟ್ಟಿಗೆ ಅಸಲಿ ಲಾಭ ಇದೇ.

ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ಕುಗಳಲ್ಲಿ ಪಿಎಲ್ಎ ಅಗ್ಗ, ಸುಲಭ. ಆದರೆ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಿಗೆ ನಿಂತ ಜೀಪಿನೊಳಗೆ ಸೊಟ್ಟಗಾದೀತು. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಇನ್ನಷ್ಟು ಬಿಸಿ ತಡೆಯುತ್ತದೆ. ಯಾವುದೇ ಆದರೂ ಪದರ ಪದರವಾಗಿ ಕೂಡುವ ವಸ್ತು. ಪದರಗಳನ್ನು ಬಿಡಿಸುವ ದಿಕ್ಕಿನಲ್ಲಿ ಎಳೆತ ಬಿದ್ದರೆ ಅಲ್ಲೇ ಸೀಳುತ್ತದೆ. ಪಲ್ಪರ್ ಗೇರನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಕೊಡುವ ಸಾಹಸ ಬೇಡ. ಅದರ ಪ್ಯಾಟ್ರನ್, ಅಂದರೆ ಅಚ್ಚು ತೆಗೆಯುವ ಮಾದರಿ, ಪ್ರಿಂಟ್ ಮಾಡಿ ಫೌಂಡ್ರಿಗೆ ಕೊಡಿ, ಮರಳಿನ ಅಚ್ಚಿನಲ್ಲಿ ಬೀಡು ಕಬ್ಬಿಣದ ಎರಕ ಹೊಯ್ಯುತ್ತಾರೆ. ತಣಿದಾಗ ಬೀಡು ಸುಮಾರು ಶೇ. 1ರಷ್ಟು ಕುಗ್ಗುವುದರಿಂದ ಪ್ಯಾಟ್ರನ್ ಅಷ್ಟು ದೊಡ್ಡದಿರಲಿ, ಮಷಿನಿಂಗಿಗೂ ಒಂದಿಷ್ಟು ಬಿಡಿ.

ಪರಿಸರದ ಮಾತು ಅರ್ಧ ನಿಜ. ಲೇತಿನಲ್ಲಿ ಹೋಗುವಷ್ಟು ಚೂರು ಇಲ್ಲಿಲ್ಲ, ಸರಿ. ಆದರೆ ಪ್ರಿಂಟ್ ಆಗುವಾಗ ತುಂಡಿನ ಆಸರೆಗೆ ಕಟ್ಟಿದ ಪ್ಲಾಸ್ಟಿಕ್, ಅರ್ಧಕ್ಕೇ ಕೆಟ್ಟ ತುಂಡು ಎಲ್ಲ ಕಸವೇ. ಪಿಎಲ್ಎ ಜೋಳದ ಪಿಷ್ಟದಿಂದ ಬಂದದ್ದೆಂದು ತಿಪ್ಪೆಗೆ ಎಸೆಯಬೇಡಿ, ಕಾರ್ಖಾನೆಯ ಕಾಂಪೋಸ್ಟಿನ ಶಾಖವಿಲ್ಲದೆ ಅದು ಸುಲಭಕ್ಕೆ ಕೊಳೆಯದು. ಒಂದೇ ನಮೂನೆಯ ಸಾವಿರಾರು ತುಂಡು ಬೇಕಾದರೆ, ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್‌ನಲ್ಲೇ ಕರೆಂಟೂ ಕಡಿಮೆ, ದರವೂ ಕಡಿಮೆ.

ನಿಮ್ಮೂರಿನ ಮಳೆಗಾಲವನ್ನಂತೂ ಮರೆಯಬೇಡಿ. ಥಂಡಿ ಹೀರಿದ ಫಿಲಮೆಂಟು, ಅಂದರೆ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ, ಕರಗಿ ಹೊರಬರುವ ನಾಜಲ್ಲಿನಲ್ಲಿ ಚಟಪಟ ಅನ್ನುತ್ತದೆ, ತುಂಡಿನ ಮೈಯೆಲ್ಲ ಒರಟಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಯುಪಿಎಸ್ ಇಲ್ಲದಿದ್ದರೆ, ಕರೆಂಟ್ ಹೋದಾಗ ರಾತ್ರಿಯಿಡೀ ಓಡಿದ ಕೆಲಸ ಹಾಳಾದೀತು.

ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ನಿಮಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಅದಕ್ಕೆ ಮೊದಲೇ ಮಗನ ಕೈಗೆ ವರ್ನಿಯರ್ ಕೊಟ್ಟು, ಶಾಫ್ಟ್ ತಿರುಗುವ ಸವೆದ ಬುಶ್ ಒಂದರ ಅಳತೆ ತೆಗೆಸಿ ಡ್ರಾಯಿಂಗ್ ಮಾಡಿಸಿ. ಸವೆದ ಅಳತೆಯನ್ನೇ ಬರೆದರೆ ಇನ್ನೂ ಸ್ವಲ್ಪ ದಿನ ಕಲಿಯಲಿ. ಶಾಫ್ಟನ್ನೂ ಅಳೆದು ಸವೆಯುವ ಮೊದಲಿನ ಅಳತೆ ಲೆಕ್ಕ ಹಾಕಿದರೆ ಪ್ರಿಂಟರಿಗೆ ಆರ್ಡರ್ ಕೊಡಿ.