ಓದುಗರ ಪ್ರಶ್ನೆ: ಫೈಟಿಂಗ್ ಗೇಮ್‌ಗೂ ಅಭ್ಯಾಸ ಬೇಕೆ?

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ರೂಮಿನಲ್ಲಿ ನಾವು ನಾಲ್ವರು ಟೆಕ್ಕೆನ್ 8 ಆಡುತ್ತೇವೆ. ಮೊದಲು ಎಲ್ಲರೂ ಸರಿಸಮಾನರಾಗಿದ್ದೆವು. ಈಚೆಗೆ ನಾನು ಒಬ್ಬನೇ ಕುಳಿತು ಪ್ರ್ಯಾಕ್ಟಿಸ್ ಮೋಡ್‌ನಲ್ಲಿ ಕಲಿಯತೊಡಗಿದ್ದೇನೆ. ಹೆಚ್ಚಾಗಿ ನಾನೇ ಗೆಲ್ಲುತ್ತೇನೆ. "ಗೇಮ್ ಅಲ್ವಾ ಮಾರಾಯ, ಪರೀಕ್ಷೆಗೆ ಓದಿದ ಹಾಗೆ ಯಾಕೆ ಆಡುವುದು?" ಎಂದು ಗೆಳೆಯರು ಮುನಿಸಿಕೊಂಡಿದ್ದಾರೆ. ಆಟದ ಮಜವನ್ನು ನಾನು ಹಾಳು ಮಾಡುತ್ತಿದ್ದೇನೆಯೇ?
– ಒಬ್ಬ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಇಲ್ಲ. ಆದರೆ ನಿಮ್ಮ ಗೆಳೆಯರು ಹೇಳುವುದು ತಪ್ಪೆಂದೂ ನಾನು ಹೇಳಲಾರೆ. ಅವರಿಗೆ ಬೇಕಿರುವುದು ಊಟ ಮುಗಿದ ಮೇಲಿನ ಒಂದು ಗಂಟೆಯ ಗದ್ದಲ ಮತ್ತು ನಗು. ನಿಮಗೆ ಹತ್ತಿರುವುದು ಈ ಆಟದ ಒಳಗೇನಿದೆ ಎಂದು ತಿಳಿಯುವ ಹಂಬಲ. ಎರಡೂ ಪ್ರಾಮಾಣಿಕವಾದ ಬಯಕೆಗಳೇ.

ನಿಮ್ಮ ಹಂಬಲಕ್ಕೆ ತಕ್ಕಷ್ಟು ಆಳ ಈ ಆಟಕ್ಕಿದೆ. 2024ರ ಜನವರಿಯಲ್ಲಿ ಬಿಡುಗಡೆಯಾದಾಗಲೇ ಅದರಲ್ಲಿ 32 ಪಾತ್ರಗಳಿದ್ದವು. ಒಂದು ಸೆಕೆಂಡಿಗೆ 60 ಫ್ರೇಮ್‌ಗಳಂತೆ, ಅಂದರೆ 60 ಚಿತ್ರಗಳಂತೆ ಓಡುವ ಈ ಆಟದಲ್ಲಿ ಕಜುಯಾ ಎಂಬ ಪಾತ್ರದ 'ಎಲೆಕ್ಟ್ರಿಕ್' ಗುದ್ದನ್ನು ಹೊಡೆಯಬೇಕಾದರೆ, ಮುಂದಕ್ಕೆ ಒಮ್ಮೆ ಒತ್ತಿ ಬಿಟ್ಟು, ಕೆಳಕ್ಕೆ ಒತ್ತಿ, ಅಲ್ಲಿಂದ ಬೆರಳು ಮುಂದಿನ ಓರೆ ದಿಕ್ಕಿಗೆ ಜಾರುವ ಅದೇ ಫ್ರೇಮ್‌ನಲ್ಲಿ ಬಲಗೈ ಗುದ್ದಿನ ಬಟನ್ನನ್ನೂ ಒತ್ತಬೇಕು. ಸ್ವಲ್ಪ ತಡವಾದರೂ ಬರುವುದು ಸಾಮಾನ್ಯ ಗುದ್ದು. ಅದನ್ನು ಎದುರಾಳಿ ಬ್ಲಾಕ್ ಮಾಡಿದರೆ ತಿರುಗೇಟು ತಿನ್ನುವವರು ನೀವೇ. ಎಲೆಕ್ಟ್ರಿಕ್ ಸರಿಯಾಗಿ ಬಂದರೆ ಬ್ಲಾಕ್ ಆದರೂ ಮುಂದಿನ ಸರದಿ ನಿಮ್ಮದೇ. ಸೆಕೆಂಡಿನ ಅರುವತ್ತನೇ ಒಂದು ಭಾಗದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಿರುವ ವಿದ್ಯೆಯನ್ನು ಮಾತನಾಡುತ್ತಾ, ಚಿಪ್ಸ್ ತಿನ್ನುತ್ತಾ ಕಲಿಯಲು ಸಾಧ್ಯವಿಲ್ಲ. ಒಬ್ಬರೇ ಕುಳಿತು ಕೈಗೆ ಹಿಡಿಸಿಕೊಳ್ಳಲೇಬೇಕು.

ಹಾಗೆಂದು ಆಡಿದ ಗಂಟೆಗಳನ್ನು ಎಣಿಸಿ ಶ್ರದ್ಧೆಯನ್ನು ಅಳೆಯುವುದು ಸರಿಯಲ್ಲ. ಸೋತ ಮೇಲೆ ಏನು ಮಾಡುತ್ತೀರಿ ಎಂಬುದನ್ನು ನಾನು ಹೆಚ್ಚು ಗಮನಿಸುತ್ತೇನೆ. ಬ್ರಯಾನ್ ಎಂಬ ಪಾತ್ರಕ್ಕೆ ಕಾಲಿಗೆ ಬೀಸುವ ಒಂದು ಒದೆತವಿದೆ. ಆಟಗಾರರು ಅದನ್ನು ಸ್ನೇಕ್ ಎಡ್ಜ್ ಎನ್ನುತ್ತಾರೆ. ತಗಲಿದರೆ ನೀವು ಗಾಳಿಗೆ ಏಳುತ್ತೀರಿ, ಹಿಂದೆಯೇ ಕಾಂಬೋ, ಅಂದರೆ ಒಂದರ ಹಿಂದೊಂದು ಹೊಡೆತಗಳ ಸರಣಿ, ಬೀಳುತ್ತದೆ. ಹಾಸ್ಟೆಲ್‌ಗಳಲ್ಲಿ ಇದೊಂದನ್ನೇ ಹಿಡಿದು ಎಲ್ಲರನ್ನೂ ಸೋಲಿಸುವ ಒಬ್ಬನಾದರೂ ಇರುತ್ತಾನೆ, ಉಳಿದವರು ಅವನನ್ನು 'ಚೀಪ್' ಎಂದು ಬೈಯುತ್ತಿರುತ್ತಾರೆ. ಆದರೆ ಆ ಒದೆತ ತಲುಪಲು ಸುಮಾರು ಅರ್ಧ ಸೆಕೆಂಡು ಬೇಕು. ಕಣ್ಣಿಗೆ ಕಂಡ ಮೇಲೂ ಕುಳಿತು ತಡೆಯಲು ಸಮಯವಿದೆ, ತಡೆದರೆ ಅವನನ್ನೇ ಗಾಳಿಗೆ ಎತ್ತಬಹುದು. ಪ್ರ್ಯಾಕ್ಟಿಸ್ ಮೋಡ್‌ನಲ್ಲಿ ಆ ಒದೆತವನ್ನೂ ಹೊಟ್ಟೆಗೆ ಬೀಳುವ ಇನ್ನೊಂದು ಹೊಡೆತವನ್ನೂ ರೆಕಾರ್ಡ್ ಮಾಡಿ, ಯಾವುದು ಯಾವಾಗ ಬರುತ್ತದೆಂದು ತಿಳಿಯದಂತೆ ಓಡಿಸಿ, ನಿಂತು ತಡೆಯಬೇಕೋ ಕುಳಿತು ತಡೆಯಬೇಕೋ ಎಂದು ನೋಡಿ ನಿರ್ಧರಿಸುವುದನ್ನು ಅಭ್ಯಾಸ ಮಾಡಿದರೆ ಆ ಒದೆತದ ಭಯ ಬಿಟ್ಟುಹೋಗುತ್ತದೆ. ಮೋಜಿಗಾಗಿ ಆಡುವವರು ಇದನ್ನು ಮಾಡಬೇಕಾಗಿಲ್ಲ. ಆದರೆ ಮಾಡದೆ ಬಿಟ್ಟವರು, ಮಾಡಿದವರ ಗೆಲುವನ್ನು ಅನ್ಯಾಯ ಎನ್ನಬಾರದು. ಈ ವಿಷಯದಲ್ಲಿ ನಾನು ಸಂಪೂರ್ಣವಾಗಿ ನಿಮ್ಮ ಪಕ್ಷ.

ನಮ್ಮ ಕರಾವಳಿಯವರಿಗೆ ಇದು ಹೊಸ ಸಂಗತಿಯೇನಲ್ಲ. ಹಗಲು ಶಾಲೆಯಲ್ಲೋ ಕಚೇರಿಯಲ್ಲೋ ದುಡಿದು, ಸಂಜೆ ಗುರುಗಳ ಮುಂದೆ ಹೆಜ್ಜೆ ಕಲಿತು, ಹವ್ಯಾಸಿ ಸಂಘದ ಆಟದಲ್ಲಿ ಗೆಜ್ಜೆ ಕಟ್ಟುವ ಎಷ್ಟೋ ಯಕ್ಷಗಾನ ಕಲಾವಿದರು ನಮ್ಮಲ್ಲಿದ್ದಾರೆ. ಮೇಳದ ಸಂಬಳವಿಲ್ಲವೆಂದು ಅವರು ತಾಳ ತಪ್ಪಿ ಕುಣಿಯುವುದಿಲ್ಲ. ರಾತ್ರಿಯಿಡೀ ಕುಳಿತು ನೋಡುವವರನ್ನು ಅವರು ಕೀಳಾಗಿ ಕಾಣುವುದೂ ಇಲ್ಲ.

ಇನ್ನು ಗೆಳೆಯರ ಮಾತು. ಬೇಕೆಂದೇ ಸೋಲಬೇಡಿ; ಅದು ಅವರಿಗೆ ತಿಳಿಯುತ್ತದೆ, ಸೋತದ್ದಕ್ಕಿಂತ ಹೆಚ್ಚು ನೋಯಿಸುತ್ತದೆ. ಅವರೊಡನೆ ಆಡುವಾಗ ನಿಮಗೆ ಪರಿಚಯವೇ ಇಲ್ಲದ ಪಾತ್ರವನ್ನು ಆರಿಸಿ, ಆಗ ಇಬ್ಬರೂ ಹುಡುಕುತ್ತಾ ಆಡಿದಂತಾಗುತ್ತದೆ. ಯಾರಾದರೂ "ಇದನ್ನು ತಡೆಯುವುದು ಹೇಗೆ?" ಎಂದು ಕೇಳಿದರೆ ಮಾತ್ರ ಕಲಿಸಿ, ಒಂದು ಸಲಕ್ಕೆ ಒಂದೇ ವಿಷಯ ಕಲಿಸಿ. ಒಬ್ಬರು ಕಲಿತರೂ ಸಾಕು, ಅದರ ಲಾಭ ನಿಮಗೂ ಇದೆ; ಗಟ್ಟಿ ಎದುರಾಳಿ ಸಿಕ್ಕರೆ ನಿಮ್ಮ ಆಟವೂ ಬೆಳೆಯುತ್ತದೆ. ಲಾಹೋರ್‌ನ ಟೆಕ್ಕೆನ್ ಆಟಗಾರ ಅರ್ಸ್ಲಾನ್ ಆಶ್ 2019ರಲ್ಲಿ ಫೈಟಿಂಗ್ ಗೇಮ್‌ಗಳ ದೊಡ್ಡ ಪಂದ್ಯಾವಳಿಗಳಾದ ಇವೋ ಜಪಾನ್ ಮತ್ತು ಲಾಸ್ ವೇಗಸ್‌ನ ಇವೋ ಎರಡನ್ನೂ ಗೆದ್ದಾಗ ಜಗತ್ತು ಬೆರಗಾಯಿತು. ಆದರೆ ತಮ್ಮ ದೇಶದಲ್ಲಿ ತಮ್ಮಂತಹ ಗಟ್ಟಿ ಆಟಗಾರರು ಇನ್ನೂ ಇದ್ದಾರೆಂದು ಅವರೇ ಹೇಳಿದ್ದರು. ಅದನ್ನು ಪರೀಕ್ಷಿಸಲು 'ನೀ' (Knee) ಎಂಬ ಹೆಸರಿನಲ್ಲಿ ಆಡುವ ದಕ್ಷಿಣ ಕೊರಿಯಾದ ಪ್ರಸಿದ್ಧ ಆಟಗಾರ ಅದೇ ವರ್ಷ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನವರೊಡನೆ ಆಡಿ ಬಂದರು. ಹೆಸರು ಮಾಡಿದ ಮೇಲೂ ಕಲಿಯಲೆಂದು ಅಷ್ಟು ದೂರ ಹೋದ ಅವರ ಮೇಲೆ ನನಗೆ ಬಹಳ ಗೌರವವಿದೆ.

ಪ್ರಶ್ನೆ: ನನಗೆ 41 ವರ್ಷ, ಬ್ಯಾಂಕ್ ಉದ್ಯೋಗಿ. ಮಕ್ಕಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಸ್ಟ್ರೀಟ್ ಫೈಟರ್ 6 ಆಡುತ್ತೇನೆ. ಸುಲಭದ 'ಮಾಡರ್ನ್' ಕಂಟ್ರೋಲ್ ಬಳಸುವುದು ಅಡ್ಡದಾರಿಯೇ? ಈ ವಯಸ್ಸಿನಲ್ಲಿ ಗಂಭೀರವಾಗಿ ಕಲಿಯಲು ಸಾಧ್ಯವೇ?
– ಓದುಗರು, ಉಡುಪಿ

ಉತ್ತರ: ಅಡ್ಡದಾರಿ ಅಲ್ಲವೇ ಅಲ್ಲ. ಮಾಡರ್ನ್‌ನಲ್ಲಿ ಒಂದೇ ಬಟನ್‌ಗೆ ಸ್ಪೆಷಲ್ ಹೊಡೆತ ಬರುತ್ತದೆ ನಿಜ, ಆದರೆ ಹಾಗೆ ಬಂದ ಹೊಡೆತದ ಬಲ ಶೇಕಡಾ 20ರಷ್ಟು ಕಡಿಮೆ. ಕೆಲವು ಸಾಮಾನ್ಯ ಹೊಡೆತಗಳು ಸಿಗುವುದೇ ಇಲ್ಲ. ಬೆಲೆ ಕೊಟ್ಟೇ ಪಡೆದ ಸೌಕರ್ಯವದು. ಎದುರಾಳಿ ಯಾವಾಗ ಹಾರುತ್ತಾನೆ, ಎಷ್ಟು ದೂರದಲ್ಲಿ ನಿಂತರೆ ಅವನ ಕಾಲು ನಿಮ್ಮನ್ನು ಮುಟ್ಟುವುದಿಲ್ಲ ಎಂಬುದನ್ನು ಯಾವ ಬಟನ್ನೂ ಕಲಿಸಿಕೊಡುವುದಿಲ್ಲ.

ವಯಸ್ಸಿನ ಮಾತಿಗೆ ಉತ್ತರ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿದೆ. ಅಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ನಿಮ್ಮ ಒಂದು ಗಂಟೆಯನ್ನು ಪಂದ್ಯಗಳಿಗೇ ಮುಗಿಸಬೇಡಿ. ಕೊನೆಯ ಹದಿನೈದು ನಿಮಿಷ ಆ ದಿನ ಸೋತ ಒಂದು ಪಂದ್ಯದ ರಿಪ್ಲೇ ನೋಡಿ, ಪದೇ ಪದೇ ಪೆಟ್ಟು ತಿಂದದ್ದು ಎಲ್ಲಿ ಎಂದು ಗುರುತಿಸಿ, ಮರುದಿನ ಅದೊಂದನ್ನೇ ಸರಿಪಡಿಸಲು ಕುಳಿತುಕೊಳ್ಳಿ. ಆ ದಿನ ರ‍್ಯಾಂಕ್ ಇಳಿದರೂ ಚಿಂತಿಸಬೇಡಿ.

ಪ್ರಶ್ನೆ: ಹದಿನೇಳು ವರ್ಷದ ಮಗ ಫೈಟಿಂಗ್ ಗೇಮ್ ಆಡಲು ದುಬಾರಿ ಆರ್ಕೇಡ್ ಸ್ಟಿಕ್ (ಹಿಡಿಕೋಲು ಮತ್ತು ದೊಡ್ಡ ಬಟನ್‌ಗಳಿರುವ ಕಂಟ್ರೋಲರ್) ಬೇಕೆಂದು ಹಠ ಹಿಡಿದಿದ್ದಾನೆ. ಕೊಡಿಸಬೇಕೆ?
– ಒಬ್ಬ ತಾಯಿ, ಮಂಗಳೂರು

ಉತ್ತರ: ಸದ್ಯಕ್ಕೆ ಬೇಡ. ಸ್ಟ್ರೀಟ್ ಫೈಟರ್‌ನ ದೊಡ್ಡ ಪಂದ್ಯಾವಳಿಯಾದ ಕ್ಯಾಪ್‌ಕಾಮ್ ಕಪ್ಪನ್ನು 2019ರಲ್ಲಿ ಗೆದ್ದ ಐಡಮ್ ಎಂಬ ಆಟಗಾರ ಆಡಿದ್ದು ಸಾಮಾನ್ಯ ಕಂಟ್ರೋಲರ್‌ನಲ್ಲಿ. ಮನೆಯಲ್ಲಿ ವೈಫೈ ಮೂಲಕ ಆನ್‌ಲೈನ್ ಆಡುತ್ತಿದ್ದರೆ ಮೊದಲು ಒಂದು ಉದ್ದನೆಯ ಲ್ಯಾನ್ ಕೇಬಲ್ ತಂದುಕೊಡಿ. ಈ ಆಟಗಳಲ್ಲಿ ಸಿಗ್ನಲ್ ಒಂದು ಕ್ಷಣ ತಡವರಿಸಿದರೂ ಕಲಿತದ್ದು ಕೈಗೆ ಬರುವುದಿಲ್ಲ, ಕೇಬಲ್‌ಗೆ ಆಗುವ ಖರ್ಚೂ ಕೆಲವೇ ನೂರು ರೂಪಾಯಿ. ಮಳೆಗಾಲ ಕಳೆದ ಮೇಲೂ ಅವನು ತಪ್ಪದೆ ಅಭ್ಯಾಸ ಮಾಡುತ್ತಿದ್ದರೆ ಸ್ಟಿಕ್‌ನ ವಿಚಾರವನ್ನು ಅವನೊಡನೆಯೇ ಕುಳಿತು ಮಾತಾಡಿ.