ಕಸದ ಡಬ್ಬಿಯೊಳಗೆ ಹಾಕಿದ ಕವರ್ ಜಾರದಂತೆ ನಿಲ್ಲಿಸುವುದು ಹೇಗೆ?

ಅಡುಗೆಮನೆಯ ಡಬ್ಬಿಗೆ ರೋಲ್‌ನಿಂದ ಕಿತ್ತ ಕಪ್ಪು ಕವರನ್ನು ಹಾಕಿ, ಬಾಯಿಯ ಅಂಚಿನ ಮೇಲೆ ಮಡಚಿ, ಸುತ್ತಲೂ ದಾರ ಬಿಗಿದರೂ, ಕಲ್ಲಂಗಡಿ ಸಿಪ್ಪೆಯಂಥ ಭಾರದ ವಸ್ತು ಬಿದ್ದ ಕೂಡಲೇ ಕವರ್ ಒಂದು ಬದಿಯಿಂದ ಒಳಕ್ಕೆ ಕುಸಿಯುತ್ತದೆ, ಆಮೇಲೆ ಹಾಕಿದ ಕಸವೆಲ್ಲ ಕವರಿಗೂ ಡಬ್ಬಿಗೂ ನಡುವೆ ಸೇರಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ದಾರವನ್ನು ಇನ್ನಷ್ಟು ಬಿಗಿಯುವುದರಿಂದ ಇದು ಸರಿಹೋಗುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕಸದ ವಿಂಗಡಣೆಯ ಉಸ್ತುವಾರಿ ಹಲವು ವರ್ಷಗಳಿಂದ ನನ್ನ ಮೇಲಿದೆ. ಈ ದೂರನ್ನು ಬಹಳ ಮನೆಗಳಿಂದ ಕೇಳಿದ್ದೇನೆ, ಅವರ ಡಬ್ಬಿಗಳನ್ನು ನೋಡಿಯೂ ಇದ್ದೇನೆ. ಕವರ್ ಜಾರುವುದು ನಮಗೆ ಅಂಚಿನಲ್ಲಿ ಕಾಣಿಸಿದರೂ, ಅದರ ಕಾರಣ ಹೆಚ್ಚಿನ ಸಲ ತಳದಲ್ಲಿರುತ್ತದೆ.

ಕವರಿನ ತಳ ಡಬ್ಬಿಯ ತಳಕ್ಕೆ ತಾಗಿ ಕುಳಿತಿದ್ದರೆ ಕಸದ ಭಾರವನ್ನೆಲ್ಲ ಡಬ್ಬಿಯೇ ಹೊರುತ್ತದೆ. ಅಂಚಿನ ಮೇಲಿನ ಮಡಿಕೆಗೆ ಉಳಿಯುವ ಕೆಲಸ ಬಾಯಿಯನ್ನು ತೆರೆದಿಡುವುದಷ್ಟೆ. ತಳ ತಾಗದಿದ್ದರೆ ಕವರ್ ನೇತಾಡುತ್ತದೆ, ಇಡೀ ಭಾರ ಆ ತೆಳುವಾದ ಮಡಿಕೆಯ ಮೇಲೆ ಬೀಳುತ್ತದೆ, ನುಣುಪಾದ ಪ್ಲಾಸ್ಟಿಕ್ಕು ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಜಾರದೆ ಬೇರೆ ದಾರಿಯಿಲ್ಲ. ತಳ ತಾಗದಿರುವುದಕ್ಕೆ ಎರಡು ಕಾರಣಗಳಿರುತ್ತವೆ: ಒಂದೋ ಕವರಿನ ಕೆಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಕವರಿನ ಉದ್ದವೇ ಸಾಲದು. ಯಾವುದೆಂದು ತಿಳಿಯಲು ಹೊಸ ಕವರ್ ಹಾಕಿ, ಅಂಚಿಗೆ ಮಡಚಿ, ಕೈಯನ್ನು ಒಳಗೆ ಬಿಟ್ಟು ತಳವನ್ನು ಒತ್ತಿ ನೋಡಿ. ಗಾಳಿ ತುಂಬಿದ ದಿಂಬನ್ನು ಒತ್ತಿದಂತೆ ಮೆತ್ತಗೆ ಮರಳಿ ಮೇಲೆ ಬಂದರೆ ಗಾಳಿಯ ತೊಂದರೆ. ಕೈಗೆ ಎದುರೊತ್ತು ಸಿಗದೆ ಅಂಚಿನ ಮಡಿಕೆಯೇ ಬಿಚ್ಚಿಕೊಂಡು ಕೆಳಗಿಳಿದರೆ ಉದ್ದದ ತೊಂದರೆ.

ಗಾಳಿಗೆ ದಾರಿ ಮಾಡಿಕೊಡುವುದು ಸುಲಭ, ಮತ್ತು ಇದೊಂದೇ ಕೆಲಸದಿಂದ ಎಷ್ಟೋ ಮನೆಗಳ ತೊಂದರೆ ಮುಗಿದುಹೋಗುತ್ತದೆ. ಡಬ್ಬಿಯ ಗೋಡೆಯಲ್ಲಿ, ತಳದಿಂದ ಸುಮಾರು 4–5 ಸೆಂ.ಮೀ. ಮೇಲೆ, ಎದುರುಬದುರಾಗಿ ಎರಡು ಕಡೆ ಕಿರುಬೆರಳಿನ ದಪ್ಪದ ತೂತು ಮಾಡಿ. ತಳದಲ್ಲಿಯೇ ತೂತು ಮಾಡಬಾರದು, ಕವರ್ ಹರಿದ ದಿನ ರಸವೆಲ್ಲ ನೆಲಕ್ಕೆ ಇಳಿಯುತ್ತದೆ; ಗೋಡೆಯಲ್ಲಿ ಸ್ವಲ್ಪ ಎತ್ತರಕ್ಕಿದ್ದರೆ ಸೋರಿದ್ದು ಡಬ್ಬಿಯೊಳಗೇ ನಿಲ್ಲುತ್ತದೆ. ಡ್ರಿಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ ಚುಚ್ಚಬಹುದು. ಮೊಳೆಯ ತೂತು ಸಣ್ಣದಾಗುವುದರಿಂದ ಪಕ್ಕಪಕ್ಕದಲ್ಲಿ ಮೂರು ನಾಲ್ಕು ಬೇಕಾಗುತ್ತವೆ. ಕರಗುವ ಪ್ಲಾಸ್ಟಿಕ್ಕಿನ ಹೊಗೆ ಉಸಿರಿಗೆ ಒಳ್ಳೆಯದಲ್ಲ, ಚುಚ್ಚುವ ಕೆಲಸವನ್ನು ಬಾಲ್ಕನಿಯಲ್ಲೋ ತಾರಸಿಯಲ್ಲೋ ಮಾಡಿ. ಚುಚ್ಚಿದ ಮೇಲೆ ಒಳಮೈಯಲ್ಲಿ ಉಬ್ಬಿ ನಿಂತ ಒರಟು ಅಂಚನ್ನು ಚಾಕುವಿನಿಂದ ಹೆರೆದು ಉಪ್ಪುಕಾಗದದಿಂದ ಉಜ್ಜುವುದನ್ನು ಮಾತ್ರ ಮರೆಯಬೇಡಿ. ಅದನ್ನು ಹಾಗೆಯೇ ಬಿಟ್ಟರೆ ಪ್ರತಿ ಕವರನ್ನೂ ಅದೇ ಜಾಗದಲ್ಲಿ ಸೀಳುತ್ತದೆ. ಈ ತೂತುಗಳಿಂದ ಇನ್ನೊಂದು ಅನುಕೂಲವೂ ಇದೆ. ತುಂಬಿದ ಕವರನ್ನು ಮೇಲೆತ್ತುವಾಗ ಅದು ಡಬ್ಬಿಗೆ ಅಂಟಿಕೊಂಡಂತೆ ಎಳೆಯುತ್ತದಲ್ಲ, ಅದು ಕೆಳಗೆ ಗಾಳಿ ನುಗ್ಗಲು ಜಾಗವಿಲ್ಲದೆ ಆಗುವ ಎಳೆತ. ತೂತಿದ್ದರೆ ಕವರ್ ಸಲೀಸಾಗಿ ಬರುತ್ತದೆ, ಅರ್ಧದಲ್ಲಿ ಹರಿಯುವುದಿಲ್ಲ. ಸ್ಟೀಲ್ ಡಬ್ಬಿಯಾಗಿದ್ದು ತೂತು ಮಾಡಲು ಮನಸ್ಸಿಲ್ಲದಿದ್ದರೆ, ಬೆರಳಿನ ದಪ್ಪದ ಹಳೆಯ ನೀರಿನ ಪೈಪಿನ ತುಂಡೊಂದನ್ನು ತಳದಿಂದ ಅಂಚಿನವರೆಗೆ ಗೋಡೆಗೆ ಒರಗಿಸಿ ಟೇಪ್ ಹಚ್ಚಿದರೂ ಗಾಳಿ ಅದರೊಳಗಿಂದ ಓಡಾಡುತ್ತದೆ.

ಇನ್ನು ಅಳತೆ. ಅಂಗಡಿಯಲ್ಲಿ ನಾವು ಸಣ್ಣದು, ಮಧ್ಯಮ, ದೊಡ್ಡದು ಎಂದು ಕೇಳಿ ತರುತ್ತೇವೆ, ಡಬ್ಬಿಯನ್ನು ಅಳೆಯುವುದಿಲ್ಲ. ರೋಲಿನ ಮೇಲೆ ಅಳತೆ ಇಂಚಿನಲ್ಲಿ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಸಿಗುವ ಸಣ್ಣ ಕವರ್ 17×19, ಮಧ್ಯಮ 19×21, ದೊಡ್ಡದು 24×32. ಇದರಲ್ಲಿ ಮೊದಲಿನದು ಚಪ್ಪಟೆಯಾಗಿ ಹಾಸಿದಾಗಿನ ಅಗಲ, ಎರಡನೆಯದು ಉದ್ದ. ಚಪ್ಪಟೆ ಅಗಲವನ್ನು ಇಮ್ಮಡಿಸಿದರೆ ಕವರಿನ ಬಾಯಿಯ ಸುತ್ತಳತೆ ಸಿಗುತ್ತದೆ. ಡಬ್ಬಿಯ ಬಾಯಿಯ ಸುತ್ತಳತೆಯನ್ನು ಟೇಪಿನಿಂದ, ಟೇಪ್ ಇಲ್ಲದಿದ್ದರೆ ದಾರ ಸುತ್ತಿ, ಅಳೆದುಕೊಳ್ಳಿ. ಕವರಿನ ಸುತ್ತಳತೆ ಇದಕ್ಕಿಂತ ಎರಡು ಮೂರು ಸೆಂ.ಮೀ. ಮಾತ್ರ ಹೆಚ್ಚಿದ್ದರೆ ಅದು ಅಂಚಿನ ಮೇಲೆ ತಾನಾಗಿಯೇ ಬಿಗಿಯಾಗಿ ಕೂರುತ್ತದೆ, ದಾರವೂ ಬೇಡ, ಕ್ಲಿಪ್ಪೂ ಬೇಡ. ಉದ್ದದ ಲೆಕ್ಕವೂ ಕಷ್ಟವಲ್ಲ: ಡಬ್ಬಿಯ ಎತ್ತರ, ಅದಕ್ಕೆ ತಳದ ವ್ಯಾಸದ ಅರ್ಧ, ಅದರ ಮೇಲೆ ಅಂಚಿನಿಂದ ಹೊರಗೆ ಮಡಚಲು 8 ಸೆಂ.ಮೀ.ನಷ್ಟು. ತಳದ ಅರ್ಧ ವ್ಯಾಸವನ್ನು ಯಾಕೆ ಸೇರಿಸಬೇಕೆಂದರೆ, ಚಪ್ಪಟೆಯಾಗಿ ಬೆಸೆದ ಕವರ್ ದುಂಡಗಿನ ತಳವನ್ನು ಮುಚ್ಚಲು ತನ್ನ ಉದ್ದದಿಂದಲೇ ಅಷ್ಟನ್ನು ಬಳಸಿಕೊಳ್ಳುತ್ತದೆ.

ನಮ್ಮ ಕಡೆ ಬಹುತೇಕ ಮನೆಗಳಲ್ಲಿರುವ, 20 ಲೀಟರಿನ ಹಳೆಯ ಪೇಂಟ್ ಬಕೆಟ್ಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಾನು ಬಳಸುವ ಬಕೆಟ್ಟಿನ ಬಾಯಿ ಸುಮಾರು 30 ಸೆಂ.ಮೀ. ಅಗಲ, ಅಂದರೆ ಸುತ್ತಳತೆ 94 ಸೆಂ.ಮೀ. ಮಧ್ಯಮ ಕವರಿನ 19 ಇಂಚನ್ನು ಇಮ್ಮಡಿಸಿದರೆ 38 ಇಂಚು, ಎಂದರೆ ಸುಮಾರು 96 ಸೆಂ.ಮೀ. ಅಗಲದಲ್ಲಿ ಹೇಳಿ ಮಾಡಿಸಿದಂತಿದೆ. ಆದರೆ ಬಕೆಟ್ಟಿನ ಎತ್ತರ 37, ತಳದ ಅರ್ಧ ವ್ಯಾಸ 13, ಮಡಿಕೆಗೆ 8 ಸೇರಿ 58 ಸೆಂ.ಮೀ. ಉದ್ದ ಬೇಕು, ಕವರಿನ 21 ಇಂಚು ಎಂದರೆ 53 ಸೆಂ.ಮೀ. ಮಾತ್ರ. ಐದು ಸೆಂ.ಮೀ. ಕಡಿಮೆ ಬಿತ್ತು, ಕವರ್ ನೇತಾಡುತ್ತದೆ. ಇಂಥಲ್ಲಿ ಎಲ್ಲರೂ ಮಾಡುವುದು ದೊಡ್ಡ ಕವರನ್ನು ತರುವುದು; ಅದರ ಸುತ್ತಳತೆ 122 ಸೆಂ.ಮೀ. ಇರುವುದರಿಂದ ಅಂಚಿನಲ್ಲಿ ಒಂದು ಗೇಣಿಗೂ ಹೆಚ್ಚು ಸಡಿಲ ಉಳಿದು ಹೊಸ ತೊಂದರೆ ಶುರುವಾಗುತ್ತದೆ, ಪ್ಲಾಸ್ಟಿಕ್ಕೂ ಅನಾವಶ್ಯಕವಾಗಿ ಹೆಚ್ಚು ಖರ್ಚಾಗುತ್ತದೆ. ನನ್ನ ಸಲಹೆ, ಕವರನ್ನು ಬದಲಿಸುವ ಬದಲು ಡಬ್ಬಿಯ ತಳವನ್ನು ಎತ್ತರಿಸಿ. ಹಳೆಯ ದಿನಪತ್ರಿಕೆಗಳನ್ನು ತಳದ ಅಳತೆಗೆ ಮಡಚಿ ಐದು ಸೆಂ.ಮೀ. ದಪ್ಪಕ್ಕೆ ಜೋಡಿಸಿದರೆ ಕವರ್ ಅದರ ಮೇಲೆ ನೆಮ್ಮದಿಯಾಗಿ ಕೂರುತ್ತದೆ. ಆಕಸ್ಮಿಕವಾಗಿ ಸೋರಿದ್ದನ್ನು ಆ ಕಾಗದವೇ ಹೀರಿಕೊಳ್ಳುತ್ತದೆ. ಒದ್ದೆಯಾದದ್ದನ್ನು ತೆಗೆದು ಬೇರೆ ಹಾಕಿದರಾಯಿತು. ಗೋಡೆಯ ತೂತುಗಳು ಈ ಪತ್ರಿಕೆಗಳ ಮಟ್ಟಕ್ಕಿಂತ ಮೇಲಿರುವಂತೆ ನೋಡಿಕೊಳ್ಳಿ.

ಕವರು ಈಗಾಗಲೇ ಅಗಲವಾಗಿದ್ದು, ರೋಲ್ ಮುಗಿಯುವವರೆಗೆ ಅದನ್ನೇ ಬಳಸಬೇಕೆಂದಿದ್ದರೆ ಸಡಿಲವನ್ನು ಒಂದೇ ಕಡೆಗೆ ಎಳೆದುಕೊಳ್ಳಿ. ಕವರನ್ನು ಅಂಚಿನ ಮೇಲೆ ಮಡಚಿದ ಮೇಲೆ, ಹೆಚ್ಚಾದ ಭಾಗವನ್ನೆಲ್ಲ ಡಬ್ಬಿಯ ಹಿಂಬದಿಗೆ ತಂದು, ಮುಷ್ಟಿಯಲ್ಲಿ ಹಿಡಿದು ಹುರಿಮಾಡಿ, ಉಳಿದ ಅಂಚೆಲ್ಲ ಬಿಗಿಯಾಗುವವರೆಗೆ ತಿರುಚಿ, ಬುಡದಲ್ಲಿ ಸಡಿಲವಾದ ಒಂದು ಗಂಟು ಹಾಕಿ. ಸಡಿಲವಾದ ಗಂಟು ಏಕೆಂದರೆ, ಕವರನ್ನು ತೆಗೆಯುವಾಗ ಅದನ್ನು ಬಿಚ್ಚಿಯೇ ಬಾಯಿ ಕಟ್ಟಬೇಕಾಗುತ್ತದೆ. ಗಂಟು ಬೇಡವೆನ್ನುವವರು ಡಬ್ಬಿಯ ಕಂಠದ ಕೆಳಗೆ, ಹಿಂಬದಿಯಲ್ಲಿ, ಎರಡು ಸೆಂ.ಮೀ. ಅಗಲದ ತೂತೊಂದನ್ನು ಮಾಡಿಕೊಂಡು ಆ ಹುರಿಯ ತುದಿಯನ್ನು ಹೊರಗಿನಿಂದ ಒಳಕ್ಕೆ ತುರುಕಬಹುದು.

ಅಂಚಿಗೆ ಬಿಗಿಯುವ ಸಾಧನಗಳ ವಿಷಯಕ್ಕೆ ಬಂದರೆ, ದಾರಕ್ಕೆ ಹಿಗ್ಗುವ ಗುಣವಿಲ್ಲದಿರುವುದೇ ಅದರ ದೋಷ; ಕವರ್ ಒಂದಿಷ್ಟು ಜಾರಿದ ಕೂಡಲೇ ಅದು ಸಡಿಲಾಗುತ್ತದೆ, ಮತ್ತೆ ತಾನಾಗಿ ಬಿಗಿಯಾಗುವುದಿಲ್ಲ. ಎಲಾಸ್ಟಿಕ್ ಹಾಗಲ್ಲ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಲಂಗಕ್ಕೂ ಪೈಜಾಮಕ್ಕೂ ಹಾಕುವ ಎರಡು ಸೆಂ.ಮೀ. ಅಗಲದ ಎಲಾಸ್ಟಿಕ್ ಸಿಗುತ್ತದೆ. ಡಬ್ಬಿಯ ಸುತ್ತಳತೆಯ ಮುಕ್ಕಾಲು ಭಾಗದಷ್ಟು ಕತ್ತರಿಸಿ, ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿದು ಬಳೆಯ ಆಕಾರ ಮಾಡಿಕೊಳ್ಳಿ. ಸೈಕಲ್ ಅಂಗಡಿಯವರು ಎಸೆಯಲು ಇಟ್ಟ ಟ್ಯೂಬಿನ ತುಂಡು ಇದಕ್ಕಿಂತಲೂ ಚೆನ್ನಾಗಿ ಹಿಡಿಯುತ್ತದೆ, ರಬ್ಬರಿಗೆ ಜಾರುವ ಗುಣವಿಲ್ಲ. ಅದೇ ಅಳತೆಗೆ ಕತ್ತರಿಸಿ ತುದಿಗಳನ್ನು ಗಂಟು ಹಾಕಿದರೆ ಸಾಕು. ಬಳೆಯನ್ನು ಎಲ್ಲಿ ಹಾಕುತ್ತೀರೆಂಬುದು ಮುಖ್ಯ. ಡಬ್ಬಿಯ ಕಂಠದ ಉಬ್ಬಿನ ಮೇಲೆ ಹಾಕಿದರೆ ಅದು ಮೇಲಕ್ಕೆ ಚಿಮ್ಮಿಬಿಡುತ್ತದೆ. ಉಬ್ಬಿನ ಕೆಳಗಿನ ತಗ್ಗಿನಲ್ಲಿ ಕೂರಿಸಬೇಕು. ಪೇಂಟ್ ಬಕೆಟ್ಟಿನ ಕಂಠದ ಸುತ್ತ ಇರುವ ಪಟ್ಟಿಗಳ ನಡುವಿನ ತಗ್ಗು ಇದಕ್ಕೆ ತುಂಬ ಒದಗುತ್ತದೆ. ಅಂಚಿಗೆ ಎಣ್ಣೆಯ ಜಿಡ್ಡು ಹತ್ತಿದ್ದರೆ ಯಾವ ಬಳೆಯೂ ನಿಲ್ಲುವುದಿಲ್ಲ, ಕವರ್ ಬದಲಿಸುವಾಗ ಸೋಪಿನ ನೀರಿನಿಂದ ಒರೆಸಿ ಒಣಗಲು ಬಿಡಿ.

ಬಟ್ಟೆ ಕ್ಲಿಪ್ಪುಗಳನ್ನು ಬಳಸುವವರಿದ್ದಾರೆ. ಎರಡು ಹಾಕಿದರೆ ನಡುವಿನ ಭಾಗ ಕುಸಿಯುತ್ತದೆ. ಮೂರನ್ನು ಸಮದೂರದಲ್ಲಿ ಹಾಕಿದರೆ ನಿಲ್ಲುತ್ತದೆ. ಆದರೆ ಮುಚ್ಚಳ ಸರಿಯಾಗಿ ಮುಚ್ಚುವುದಿಲ್ಲ, ನೊಣ ಬರುತ್ತದೆ, ಆದ್ದರಿಂದ ಮುಚ್ಚಳವಿಲ್ಲದ ಕಾಗದದ ಬುಟ್ಟಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ. ಬಾಯಿಗೆ ದಾರ ಪೋಣಿಸಿದ ಕವರುಗಳೂ ಸಿಗುತ್ತವೆ, ದಾರವನ್ನು ಕಂಠದ ಹೊರಗೆ ಎಳೆದು ಕಟ್ಟಬಹುದು, ಬೆಲೆ ಹೆಚ್ಚು. ಕವರಿನ ಗುಣವೂ ಗಮನಕ್ಕಿರಲಿ: ಮುಟ್ಟಿದರೆ ಚರಚರ ಸದ್ದು ಮಾಡುವ ತೆಳು ಕವರು ಹಿಗ್ಗದೆ ಜಾರುತ್ತದೆ, ಎಲ್ಲಾದರೂ ಚುಚ್ಚಿದರೆ ಉದ್ದಕ್ಕೆ ಸೀಳುತ್ತದೆ, ಸದ್ದಿಲ್ಲದ, ಮೆತ್ತಗಿನ, ಎಳೆದರೆ ಹಿಗ್ಗುವ ಕವರು ಅಂಚನ್ನು ಹಿಡಿದುಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ, ನೀವು ಕೇಳದಿದ್ದರೂ, ನಿಮ್ಮ ಪ್ರಶ್ನೆಯಲ್ಲಿದ್ದ ಕಲ್ಲಂಗಡಿ ಸಿಪ್ಪೆಯ ಬಗ್ಗೆ ಹೇಳಲೇಬೇಕು. ಅದು ಹಸಿ ಕಸ. ಹಸಿ ಕಸದ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಹಾಕಲೇಬಾರದು. ಬೆಂಗಳೂರಿನಲ್ಲಿ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು ಪಾಲಿಸುವಂತೆ ಹೈಕೋರ್ಟ್ 2015ರ ಡಿಸೆಂಬರಿನಲ್ಲಿಯೇ ಆದೇಶಿಸಿತು: ಹಸಿ ಕಸಕ್ಕೆ ಹಸಿರು ಡಬ್ಬಿ, ನೈರ್ಮಲ್ಯದ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಮತ್ತೆ ಮತ್ತೆ ಬಳಸುವ ಚೀಲ. ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲೇ ಕಸವನ್ನು ಬೇರ್ಪಡಿಸುವ ಹೊಣೆಯನ್ನು ಇಡೀ ದೇಶದ ಮನೆಗಳ ಮೇಲೆ ಹೊರಿಸಿದವು. ಗಂಟು ಕಟ್ಟಿದ ಕಪ್ಪು ಕವರಿನಲ್ಲಿ ಅನ್ನ, ಸಿಪ್ಪೆ, ಟೀ ಸೊಪ್ಪು ಹಾಕಿ ಕೊಟ್ಟರೆ, ಆಟೋ ಟಿಪ್ಪರಿನ ಪಕ್ಕದಲ್ಲಿ ನಿಂತ ಪೌರಕಾರ್ಮಿಕರು ಅದನ್ನು ಕೈಯಿಂದ ಹರಿದು ಸುರಿಯಬೇಕಾಗುತ್ತದೆ. ಒಳಗೆ ಒಡೆದ ಗಾಜಿದೆಯೋ ಬ್ಲೇಡಿದೆಯೋ ಅವರಿಗೆ ಕಾಣುವುದಿಲ್ಲ. ಬಹಳ ಹೊತ್ತು ಅಲ್ಲಿ ನಿಂತು ನೋಡಿದ ಯಾರೂ ಮತ್ತೆ ಹಾಗೆ ಕಟ್ಟಿ ಕೊಡಲಾರರು.

ಹಸಿ ಕಸದ ಡಬ್ಬಿಗೆ ದಿನಪತ್ರಿಕೆಯೇ ಸಾಕು. ಎರಡು ಪೂರ್ಣ ಹಾಳೆಗಳನ್ನು ಬಿಡಿಸಿ, ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಡಬ್ಬಿಯ ಬಾಯಿಯ ಮೇಲೆ ಹಾಸಿ, ನಡುವಿನಲ್ಲಿ ಒಂದು ಚೊಂಬನ್ನು ಇಟ್ಟು ನಿಧಾನವಾಗಿ ತಳದವರೆಗೆ ಒತ್ತಿ. ಚೊಂಬನ್ನು ತೆಗೆದಾಗ ಕಾಗದ ಮಡಿಕೆ ಮಡಿಕೆಯಾಗಿ ಗೋಡೆಗೆ ಒರಗಿ ನಿಂತಿರುತ್ತದೆ. ಕಾಗದದ ಮೈ ಒರಟಾದ್ದರಿಂದ ಜಾರುವುದಿಲ್ಲ. ಇದಕ್ಕೆ ಪೇಂಟ್ ಬಕೆಟ್ ದೊಡ್ಡದಾಯಿತು, ಐದಾರು ಲೀಟರಿನ ಸಣ್ಣ ಡಬ್ಬಿಯೇ ಸರಿ. ತಳಕ್ಕೆ ಒಂದು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಕಿದರೆ ರಸವನ್ನು ಅದು ಹೀರುತ್ತದೆ. ಸಾರು, ಮಜ್ಜಿಗೆಯಂಥ ದ್ರವವನ್ನು ಮೊದಲೇ ಬಸಿದು ಹಾಕಿ. ಹಸಿ ಕಸವನ್ನು ದಿನವೂ ಕೊಡುವುದರಿಂದ ಕಾಗದ ಒಂದು ದಿನ ತಡೆದರೆ ಸಾಕು, ಅದೂ ಕಸದೊಂದಿಗೆ ಗೊಬ್ಬರವಾಗುತ್ತದೆ. ಗೊಬ್ಬರವಾಗುವ ಕವರ್ ಎಂದು ಮಾರುವುದನ್ನು ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕರಗಲು ದೊಡ್ಡ ಗೊಬ್ಬರ ಘಟಕದ ಶಾಖ ಬೇಕು, ಮನೆಯ ಮಣ್ಣಿನ ಮಡಕೆಯಲ್ಲಿ ಬಹುಕಾಲ ಹಾಗೆಯೇ ಉಳಿಯುತ್ತವೆ. ಹಸಿ ತಾಗಿದಾಗ ಬೇಗ ಮೆತ್ತಗಾಗಿ ಹರಿಯುವುದರಿಂದ ನಿಮ್ಮ ಮೂಲ ತೊಂದರೆಗೂ ಅವು ಉತ್ತರವಲ್ಲ.

ಹಾಗಾಗಿ ಕವರಿನ ಅಗತ್ಯ ನಿಜವಾಗಿ ಉಳಿಯುವುದು ಕೆಂಪು ಡಬ್ಬಿಗೆ ಮಾತ್ರ. ಪ್ಯಾಡ್, ಡೈಪರ್, ಬ್ಯಾಂಡೇಜುಗಳನ್ನು ಒಂದೊಂದಾಗಿ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಇದರೊಳಗೆ ಇಡಬೇಕು. ಬಚ್ಚಲುಮನೆಯ ಮೂಲೆಯಲ್ಲಿ ಇಡುವ ಈ ಡಬ್ಬಿ ಹೆಚ್ಚಾಗಿ ಪೆಡಲ್ ಇರುವಂಥದ್ದು, ಅದರೊಳಗೆ ಹಿಡಿಕೆಯಿರುವ ಇನ್ನೊಂದು ಬಕೆಟ್ ಇರುತ್ತದೆ. ಕವರನ್ನು ಒಳಗಿನ ಬಕೆಟ್ಟಿಗೇ ಹಾಕಿ, ಮಡಿಕೆಯನ್ನು ನಾಲ್ಕು ಸೆಂ.ಮೀ.ಗಿಂತ ಹೆಚ್ಚಿಸದೆ, ಎಲಾಸ್ಟಿಕ್ ಬಳೆಯನ್ನು ಹಿಡಿಕೆ ಸೇರುವ ಕಿವಿಗಳ ಕೆಳಗೆ ತನ್ನಿ. ಮಡಿಕೆ ಉದ್ದವಾದರೆ ಹೊರ ಡಬ್ಬಿಗೂ ಒಳ ಬಕೆಟ್ಟಿಗೂ ನಡುವೆ ಸಿಕ್ಕಿ, ಬಕೆಟ್ ಎತ್ತುವಾಗ ಕವರ್ ಕಳಚಿಬರುತ್ತದೆ. ಒಳ ಬಕೆಟ್ಟಿನ ಗೋಡೆಗೂ ಮೇಲೆ ಹೇಳಿದ ಎರಡು ತೂತುಗಳು ಬೇಕು. ಒಣ ಕಸದ ಚೀಲಕ್ಕೆ ಇದಾವುದೂ ಬೇಡ, ಅಕ್ಕಿಯ ದಪ್ಪ ಚೀಲವನ್ನು ಬಾಗಿಲ ಹಿಂದಿನ ಎರಡು ಕೊಕ್ಕೆಗಳಿಗೆ ಸಿಕ್ಕಿಸಿದರೆ ಬಾಯಿ ತೆರೆದೇ ಇರುತ್ತದೆ.